ಕಸ್ತೂರಿರಂಗನ್ ಪಟ್ಟಿಯಲ್ಲಿ ನಮ್ಮೂರಿದೆ, ತೋಟದ ಗತಿ ಏನು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸೀಮೆಯ ಸಣ್ಣ ಗ್ರಾಮ. ಎರಡು ಎಕರೆ ಅಡಿಕೆ ತೋಟ, ಕೆಳಗೆ ಒಂದಿಷ್ಟು ಗದ್ದೆ. ಕಸ್ತೂರಿರಂಗನ್ ವರದಿಯ ಪಟ್ಟಿಯಲ್ಲಿ ನಮ್ಮೂರ ಹೆಸರಿದೆ. ಅದು ಜಾರಿಗೆ ಬಂದರೆ ತೋಟಕ್ಕೆ ಔಷಧಿ ಹೊಡೆಯುವಂತಿಲ್ಲ, ಮನೆಯ ಮಾಡು ರಿಪೇರಿ ಮಾಡುವಂತಿಲ್ಲ, ಕೊನೆಗೆ ಊರನ್ನೇ ಬಿಡಬೇಕು ಎನ್ನುತ್ತಾರೆ. ಕಾಡು ಬೇಡ ಎನ್ನುವವನು ನಾನಲ್ಲ. ಇದರಲ್ಲಿ ನಿಜ ಎಷ್ಟು? ಕಾಡನ್ನು ಉಳಿಸಿಕೊಂಡೇ ಬೇಸಾಯ ಮಾಡುತ್ತ ಬಂದ ನಮ್ಮಂಥವರಿಗೆ ಸರ್ಕಾರದ ನೀತಿಯಲ್ಲಿ ಏನಾದರೂ ಸಿಗುವುದಿದೆಯೇ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ. ಆ ವರದಿಯನ್ನು ಆಧರಿಸಿ, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸಲು ಕೇಂದ್ರ ಪರಿಸರ ಸಚಿವಾಲಯ 2024ರ ಜುಲೈ 31ರಂದು ಹೊರಡಿಸಿದ ಕರಡು ಅಧಿಸೂಚನೆಯ ನಿಷೇಧದ ಪಟ್ಟಿಯಲ್ಲಿ ನಿಮ್ಮ ತೋಟವೂ ಇಲ್ಲ, ಗದ್ದೆಯೂ ಇಲ್ಲ. ಅಲ್ಲಿರುವುದು ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ 'ಕೆಂಪು' ವರ್ಗದ ಹೊಸ ಕೈಗಾರಿಕೆ, 20,000 ಚದರ ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಕಟ್ಟಡ, 50 ಹೆಕ್ಟೇರಿನಷ್ಟೋ ಅದಕ್ಕಿಂತ ದೊಡ್ಡದೋ ಆದ ಟೌನ್‌ಶಿಪ್. 20,000 ಚದರ ಮೀಟರ್ ಎಂದರೆ ಹೆಚ್ಚುಕಡಿಮೆ ಐದು ಎಕರೆಯಷ್ಟು ನೆಲಹಾಸು. ಅಷ್ಟು ದೊಡ್ಡ ಮನೆಯನ್ನು ನಿಮ್ಮೂರಿನಲ್ಲಿ ಯಾರೂ ಕಟ್ಟುವುದಿಲ್ಲ. ಇರುವ ಮನೆಯ ದುರಸ್ತಿ, ವಿಸ್ತರಣೆಗೆ ಈಗಿರುವ ಕಾನೂನುಗಳೇ ಅನ್ವಯ. ಜಮೀನು ಮಾರಲು, ಮಕ್ಕಳಿಗೆ ಪಾಲು ಮಾಡಿಕೊಡಲು ತಡೆಯಿಲ್ಲ. ಊರು ಬಿಡಿಸುವ ಮಾತಂತೂ ಎಲ್ಲಿಯೂ ಇಲ್ಲ.

ಒಂದು ತೊಂದರೆಯನ್ನು ಮಾತ್ರ ಮುಚ್ಚಿಡಬಾರದು. ಕ್ವಾರಿ ಮತ್ತು ಮರಳಿನ ನಿಷೇಧ ದೊಡ್ಡ ಗುತ್ತಿಗೆದಾರನಿಗೆ ಎಷ್ಟೋ, ಮನೆಗೆ ಬುನಾದಿ ಹಾಕುವ ಹಳ್ಳಿಗನಿಗೂ ಅಷ್ಟೇ ತಟ್ಟುತ್ತದೆ. ಪಕ್ಕದ ಹಳ್ಳದ ಮರಳು, ಊರಿನ ಕಲ್ಲು ಸಿಗದಿದ್ದರೆ ದೂರದಿಂದ ಲಾರಿಯಲ್ಲಿ ತರಿಸಬೇಕು. ಈಗ ನಡೆಯುತ್ತಿರುವ ಕ್ವಾರಿಗಳಿಗೆ ಅಂತಿಮ ಅಧಿಸೂಚನೆಯಿಂದ ಐದು ವರ್ಷ, ಇಲ್ಲವೇ ಗುತ್ತಿಗೆ ಮುಗಿಯುವವರೆಗೆ ಅವಕಾಶವಿದೆ. ಆಮೇಲೆ ಊರೊಳಗಿನ ಸಣ್ಣ ಅಗತ್ಯಕ್ಕೆ ಏನು ದಾರಿ ಎನ್ನುವುದನ್ನು ಕರಡು ಸರಿಯಾಗಿ ಬಿಡಿಸಿ ಹೇಳಿಲ್ಲ. ನೀವು ಆಕ್ಷೇಪಣೆ ಬರೆಯುವುದಾದರೆ ಬರೆಯಬೇಕಾದ ಮೊದಲ ಅಂಶ ಇದು.

ಇನ್ನು, ನಿಮ್ಮ ಕಿವಿಗೆ ಬಿದ್ದ ಮಾತುಗಳು ಎಲ್ಲಿಂದ ಹುಟ್ಟಿದವು? ಮಲೆನಾಡಿನಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಗಂಟು ಬಿದ್ದಿವೆ. ಅದನ್ನು ಬಿಡಿಸುವ ಕೆಲಸವನ್ನು ಸರ್ಕಾರಗಳು ಮಾಡಲಿಲ್ಲ.

ಔಷಧಿಯ ಮಾತು ಬಂದದ್ದು ಗಾಡ್ಗೀಳ್ ವರದಿಯಿಂದ. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2010ರಲ್ಲಿ ನೇಮಕವಾಗಿ 2011ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಸಚಿವಾಲಯ ಅದನ್ನು ಒಳಗೇ ಇಟ್ಟುಕೊಂಡಿತು. ಮಾಹಿತಿ ಹಕ್ಕಿನ ಅರ್ಜಿ ಬಿದ್ದು, ವಿಷಯ ದೆಹಲಿ ಹೈಕೋರ್ಟಿನವರೆಗೂ ಹೋದ ಮೇಲೆ 2012ರ ಮೇ ತಿಂಗಳಲ್ಲಿ ಜನರ ಕೈಗೆ ಬಂತು. ವರದಿಯೇ ಕಾಣದಿದ್ದ ಆ ತಿಂಗಳುಗಳಲ್ಲಿ ಗಾಳಿಮಾತು ಬೆಳೆಯಲು ಬೇಕಾದಷ್ಟು ಜಾಗ ಸಿಕ್ಕಿತು. ಇಡೀ ಪಶ್ಚಿಮ ಘಟ್ಟವನ್ನು ಮೂರು ವಲಯಗಳಾಗಿ ವಿಂಗಡಿಸಿದ ಆ ಸಮಿತಿ, ರಾಸಾಯನಿಕ ಕೀಟನಾಶಕಗಳನ್ನು ಮೊದಲ ವಲಯದಲ್ಲಿ ಐದು, ಎರಡನೆಯದರಲ್ಲಿ ಎಂಟು, ಮೂರನೆಯದರಲ್ಲಿ ಹತ್ತು ವರ್ಷದೊಳಗೆ ಹಂತಹಂತವಾಗಿ ಬಿಡಬೇಕೆಂದು ಹೇಳಿತ್ತು. ಮಳೆಗಾಲದ ಹೊಸ್ತಿಲಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದೆ ಅಡಿಕೆ ಉಳಿಯುವುದಿಲ್ಲ ಎಂದು ಬಲ್ಲ ಬೆಳೆಗಾರನಿಗೆ ಇದು ಸಿಡಿಲಿನಂಥ ಸುದ್ದಿ. ಮೈಲುತುತ್ತ ಮತ್ತು ಸುಣ್ಣದ ಆ ದ್ರಾವಣಕ್ಕೆ ನಮ್ಮ ದೇಶದ ಸಾವಯವ ಪ್ರಮಾಣೀಕರಣದ ನಿಯಮಗಳಲ್ಲೂ ಮಿತಿಯೊಳಗೆ ಜಾಗವಿದೆ ಎನ್ನುವುದನ್ನು ಊರೂರಿಗೆ ಬಂದು ಯಾರೂ ಹೇಳಲಿಲ್ಲ. ಹೇಗೂ ಆ ಶಿಫಾರಸು ಅಧಿಸೂಚನೆಗೆ ಬರಲೇ ಇಲ್ಲ. 2012ರಲ್ಲೇ ಕೆ. ಕಸ್ತೂರಿರಂಗನ್ ಅವರ ಇನ್ನೊಂದು ಸಮಿತಿ ನೇಮಕವಾಯಿತು. 2013ರ ಏಪ್ರಿಲಿನ ಅದರ ವರದಿಯ ಮೇಲೆ ನಿಂತಿರುವುದು 2024ರ ಕರಡು.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಸುತ್ತಲಿನ ಪರಿಸರ ಸೂಕ್ಷ್ಮ ವಲಯ ಬೇರೆಯೇ ವಿಷಯ. ಕುದುರೆಮುಖ, ಭದ್ರಾ, ಸೋಮೇಶ್ವರ ಹೀಗೆ ಒಂದೊಂದಕ್ಕೂ ಪ್ರತ್ಯೇಕ ಗಡಿ, ಪ್ರತ್ಯೇಕ ಆದೇಶ. ಎಲ್ಲ ಕಡೆ ಕನಿಷ್ಠ ಒಂದು ಕಿಲೋಮೀಟರ್ ಬಿಡಲೇಬೇಕೆಂದು ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ಹೇಳಿದ್ದು ನಿಜ. 2023ರ ಏಪ್ರಿಲಿನಲ್ಲಿ ಆ ಆದೇಶವನ್ನು ಅದೇ ನ್ಯಾಯಾಲಯ ಸಡಿಲಿಸಿತು. ಇದಕ್ಕೂ ಕಸ್ತೂರಿರಂಗನ್ ಪಟ್ಟಿಗೂ ಸಂಬಂಧವಿಲ್ಲ.

ಉಳಿದೆರಡು ಗಂಟುಗಳೇ ಬಿಗಿಯಾದವು: ಸೆಕ್ಷನ್ 4 ಮತ್ತು ಡೀಮ್ಡ್ ಅರಣ್ಯ. ಕರ್ನಾಟಕ ಅರಣ್ಯ ಕಾಯ್ದೆ 1963ರ ಸೆಕ್ಷನ್ 4 ಎಂದರೆ ಒಂದು ಜಾಗವನ್ನು ಮೀಸಲು ಅರಣ್ಯ ಮಾಡುವ ಉದ್ದೇಶವಿದೆ ಎಂಬ ಪ್ರಕಟಣೆ. ಅದಾದ ಮೇಲೆ ಅರಣ್ಯ ವ್ಯವಸ್ಥಾಪನಾಧಿಕಾರಿ ಜನರ ಹಕ್ಕುಗಳನ್ನು ವಿಚಾರಿಸಿ ತೀರ್ಮಾನಿಸಬೇಕು, ಆಮೇಲೆ ಸೆಕ್ಷನ್ 17ರ ಅಂತಿಮ ಆದೇಶ. ಎಷ್ಟೋ ಕಡೆ ಮೊದಲ ಹೆಜ್ಜೆ ಇಟ್ಟು ವಿಚಾರಣೆಯನ್ನು ದಶಕಗಟ್ಟಲೆ ಮುಗಿಸದೆ ಬಿಟ್ಟಿದ್ದಾರೆ. ಅಲ್ಲಿ ಉಳುವವನು ತನ್ನ ಜಾಗ ಕಂದಾಯದ್ದೋ ಅರಣ್ಯದ್ದೋ ತಿಳಿಯದೆ ತಲೆಮಾರು ಕಳೆದಿದ್ದಾನೆ. ಡೀಮ್ಡ್ ಅರಣ್ಯದ, ಅಂದರೆ ಮೀಸಲು ಅರಣ್ಯವೆಂದು ಪ್ರಕಟವಾಗದಿದ್ದರೂ ಕಾಡಿನ ಲಕ್ಷಣವಿದೆ ಎಂದು ಅರಣ್ಯವಾಗಿ ಪರಿಗಣಿಸಿದ ಜಾಗದ, ಕಥೆಯೂ ಹೀಗೆಯೇ. 9.94 ಲಕ್ಷ ಹೆಕ್ಟೇರ್ ಎಂದು ಮೊದಲು ಗುರುತಿಸಿದ್ದನ್ನು ರಾಜ್ಯ ಸರ್ಕಾರ 2022ರಲ್ಲಿ 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಸರ್ಕಾರದ ಲೆಕ್ಕವೇ ಮೂರನೇ ಒಂದು ಪಾಲಿಗೆ ಇಳಿಯುವುದನ್ನು ಕಂಡವನು ಮುಂದಿನ ನಕ್ಷೆಯನ್ನು ಹೇಗೆ ನಂಬಿಯಾನು? ನಿಮ್ಮೂರ ಭಯದ ಬೇರು ಇಲ್ಲಿದೆ. ಕರಡಿನಲ್ಲಿ ಏನು ಬರೆದಿದೆ ಎನ್ನುವುದಕ್ಕಿಂತ, ನಾಳೆ ಅದನ್ನು ಕೈಯಲ್ಲಿ ಹಿಡಿದು ಗೇಟಿನ ಬಳಿ ಬಂದು ನಿಲ್ಲುವವರು ಹೇಗೆ ಓದುತ್ತಾರೆ ಎಂಬ ಚಿಂತೆ ಅದು. ಆ ಚಿಂತೆ ಸಕಾರಣವಾದದ್ದು ಎಂದೇ ನನ್ನ ಅಭಿಪ್ರಾಯ.

ನಕ್ಷೆಯ ವಿಷಯಕ್ಕೆ ಬಂದೆ, ಹಾಗಾಗಿ ನಿಮ್ಮೂರು ಪಟ್ಟಿ ಸೇರಿದ ಬಗೆಯನ್ನೂ ಹೇಳಬೇಕು. ಕಸ್ತೂರಿರಂಗನ್ ಸಮಿತಿ ಘಟ್ಟವನ್ನು ಉಪಗ್ರಹ ಚಿತ್ರಗಳಿಂದ ಅಳೆಯಿತು. ಜನವಸತಿ, ಕೃಷಿ, ತೋಟಗಳ ನೆಲವನ್ನು ಒಂದು ಕಡೆ ಇಟ್ಟು, ಸಹಜ ಕಾಡು ಉಳಿದಿರುವ ಭಾಗದಿಂದ ಸುಮಾರು 60,000 ಚದರ ಕಿಲೋಮೀಟರನ್ನು, ಅಂದರೆ ಘಟ್ಟದ ಶೇ. 37ರಷ್ಟನ್ನು, ಸೂಕ್ಷ್ಮ ಪ್ರದೇಶ ಎಂದಿತು. ಲೆಕ್ಕದ ಘಟಕ ಗ್ರಾಮ. ಒಂದು ಗ್ರಾಮದ ಶೇ. 20 ಅಥವಾ ಹೆಚ್ಚು ಭಾಗ ಹಾಗೆ ಕಂಡರೆ ಇಡೀ ಗ್ರಾಮವೇ ಪಟ್ಟಿಗೆ. ನೂರು ಎಕರೆಯಲ್ಲಿ ಇಪ್ಪತ್ತು ಎಕರೆ ಕಾಡಿದ್ದರೆ ಉಳಿದ ಎಂಬತ್ತು ಎಕರೆಯ ಗದ್ದೆ, ತೋಟ, ಶಾಲೆ, ಅಂಗಡಿ ಎಲ್ಲವೂ ಒಳಗೆ. ಮೇಲಿನಿಂದ ನೋಡುವ ಕ್ಯಾಮೆರಾಗೆ ನೆರಳಿನ ಮರಗಳಡಿಯ ಕಾಫಿಯೂ ದಟ್ಟ ಅಡಿಕೆ ತೋಟವೂ ಕಾಡಿನಂತೆಯೇ ಹಸಿರಾಗಿ ಕಂಡಿವೆ ಎನ್ನುವುದು ಬೆಳೆಗಾರರ ಹಳೆಯ ದೂರು. ಹೀಗೆ ಆರು ರಾಜ್ಯಗಳಲ್ಲಿ 4,156 ಗ್ರಾಮಗಳು ಬಂದವು. ಅದರಲ್ಲಿ 1,576 ಕರ್ನಾಟಕದವು, ಬೆಳಗಾವಿಯಿಂದ ಚಾಮರಾಜನಗರದವರೆಗೆ ಹತ್ತು ಜಿಲ್ಲೆಗಳಲ್ಲಿ, 20,668 ಚದರ ಕಿಲೋಮೀಟರ್. ಉತ್ತರ ಕನ್ನಡ ಒಂದರಲ್ಲೇ 600ಕ್ಕೂ ಹೆಚ್ಚು ಗ್ರಾಮಗಳಿವೆ, ನಿಮ್ಮ ಶಿವಮೊಗ್ಗದಲ್ಲಿ 400ಕ್ಕೂ ಹೆಚ್ಚು.

ಕೇರಳ ಈ ನಕ್ಷೆಯನ್ನು ಒಪ್ಪದೆ ನೆಲದ ಮೇಲೆ ಪರಿಶೀಲನೆ ಮಾಡಿಸಿತು. ಜನವಸತಿಯನ್ನೂ ಕೃಷಿ ಭೂಮಿಯನ್ನೂ ಬಿಡಿಸಿ ಕೇಂದ್ರಕ್ಕೆ ಒಪ್ಪಿಸಿತು. ಅಲ್ಲಿನ ಸೂಕ್ಷ್ಮ ಪ್ರದೇಶ 13,108 ಚದರ ಕಿಲೋಮೀಟರಿನಿಂದ 9,993.7ಕ್ಕೆ ಇಳಿಯಿತು. ಕರ್ನಾಟಕ ಆರಿಸಿಕೊಂಡದ್ದು ತಿರಸ್ಕಾರದ ದಾರಿ. 2014ರಿಂದ 2024ರವರೆಗೆ ಆರು ಕರಡುಗಳು ಬಂದಿವೆ. ಕಾಲಮಿತಿಯೊಳಗೆ ಅಂತಿಮವಾಗದ ಕರಡು ಬಿದ್ದುಹೋಗುತ್ತದೆ, ಮತ್ತೆ ಹೊಸದು ಹೊರಡುತ್ತದೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಬೆಂಗಳೂರಿನ ಉತ್ತರ ಬೇಡ ಎಂದೇ ಇತ್ತು. 2024ರ ಸೆಪ್ಟೆಂಬರ್ 26ರಂದು ಸಚಿವ ಸಂಪುಟ ವರದಿಯನ್ನು ಪೂರ್ತಿ ತಿರಸ್ಕರಿಸಿತು. ಗ್ರಾಮಸಭೆಗಳ ವಿರೋಧಕ್ಕೆ ಕಿವಿಗೊಟ್ಟೆವು ಎಂದು ಹೇಳಿಕೊಳ್ಳಲು ಇದು ಸುಲಭದ ದಾರಿ. ಆದರೆ ಈ ತಿರಸ್ಕಾರದಿಂದ ನಿಮ್ಮ ಒಂದು ಗುಂಟೆಯ ದಾಖಲೆಯೂ ಸರಿಯಾಗಲಿಲ್ಲ. ಗಣಿ, ದೊಡ್ಡ ಕಟ್ಟಡ, ಕೆಂಪು ವರ್ಗದ ಕಾರ್ಖಾನೆಗಳಿಗೆ ಹೊಸ ಅನುಮತಿ ಕೊಡಬಾರದೆಂದು ಕೇಂದ್ರ 2013ರ ನವೆಂಬರ್ 13ರಂದು ಹೊರಡಿಸಿದ ನಿರ್ದೇಶನವನ್ನೂ ರಾಜ್ಯದ ಸಂಪುಟ ರದ್ದು ಮಾಡಲಾರದು. ಊರಿಗೆ ಹೋಗಿ ಸರ್ವೆ ನಂಬರ್ ಹಿಡಿದು ತೋಟ ಯಾವುದು, ಕಾನು ಯಾವುದು ಎಂದು ಬಿಡಿಸುವ ಕೆಲಸಕ್ಕೆ ಹತ್ತು ವರ್ಷ ಸಿಕ್ಕಿತ್ತು. ಅದನ್ನು ಮಾಡಬೇಕಿತ್ತು.

ಈಗ ನಿಮ್ಮ ಎರಡನೆಯ ಪ್ರಶ್ನೆ. ನಿಜವಾಗಿ ತೂಕವಿರುವುದು ಅದಕ್ಕೆ.

ಗಾಡ್ಗೀಳ್ ವರದಿಯನ್ನು ಬೈದವರೂ ಹೊಗಳಿದವರೂ ಹೆಚ್ಚಾಗಿ ಬಿಟ್ಟುಬಿಡುವ ಪುಟಗಳಿವೆ. ಮಣ್ಣಿನಲ್ಲಿ ಇಂಗಾಲ ಹಿಡಿದಿಡುವ ಬೇಸಾಯಕ್ಕೆ ರೈತನಿಗೆ ಹಣ ಕೊಡಿ, ಊರಿನ ಹಳೆಯ ತಳಿಗಳನ್ನು ಬೆಳೆಯುತ್ತಿರುವವನಿಗೆ ಪ್ರೋತ್ಸಾಹಧನ ಕೊಡಿ, ದೇವರಕಾಡನ್ನು ಕಾಯ್ದುಕೊಂಡು ಬಂದ ಊರಿಗೆ ಅದರ ಸೇವಾಶುಲ್ಕ ಕೊಡಿ ಎಂದು ಅಲ್ಲಿ ಬರೆದಿದೆ. ಸಾವಯವಕ್ಕೆ ಹೊರಳುವ ಆ ಐದು, ಎಂಟು, ಹತ್ತು ವರ್ಷಗಳ ಭಾರವನ್ನು ಬೆಳೆಗಾರನೊಬ್ಬನೇ ಹೊರಬೇಕೆಂದು ಸಮಿತಿ ಹೇಳಿರಲಿಲ್ಲ. ವಲಯದ ಗಡಿಗಳೂ ಗ್ರಾಮಸಭೆಗಳಲ್ಲಿ ಚರ್ಚೆಯಾಗಿಯೇ ಗಟ್ಟಿಯಾಗಬೇಕಿತ್ತು. ಕಾಡು ಕೊಡುವ ನೀರು, ಗಾಳಿ, ಮಣ್ಣಿನ ಸೇವೆಗೆ ಅಲ್ಲಿನ ಜನರಿಗೆ ಹಣ ಸಂದಾಯವಾಗಬೇಕು ಎನ್ನುವುದನ್ನು ಕಸ್ತೂರಿರಂಗನ್ ವರದಿಯೂ ಒಪ್ಪಿದೆ. ಎರಡು ವರದಿಗಳಲ್ಲೂ ಬೇಡ ಎನ್ನುವ ಪಟ್ಟಿ ಇತ್ತು, ಕೊಡಿ ಎನ್ನುವ ಪಟ್ಟಿಯೂ ಇತ್ತು. ಅಧಿಸೂಚನೆಯಾಗಿ ಹೊರಬಂದದ್ದು ಬೇಡ ಎನ್ನುವುದು ಮಾತ್ರ. ಅಧಿಸೂಚನೆಗೆ ಆಧಾರವಾದ ಪರಿಸರ ಸಂರಕ್ಷಣಾ ಕಾಯ್ದೆ 1986 ಇರುವುದೇ ತಡೆಯಲು, ಅದರಡಿ ಹಣ ಹಂಚಲಾಗದು ಎಂದು ವಾದಿಸಬಹುದು. ಹಾಗಾದರೆ ಕೊಡುವ ಕೆಲಸಕ್ಕೆ ಇನ್ನೊಂದು ಆದೇಶ ಅದರ ಜೊತೆಯಲ್ಲೇ ಬರಬೇಕಿತ್ತು. ಹತ್ತು ವರ್ಷದಲ್ಲಿ ಆರು ಬಾರಿ ಬಂದ ಕರಡಿನ ಜೊತೆ ಒಮ್ಮೆಯೂ ಅದು ಬರಲಿಲ್ಲ.

ಹಣವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ನಿರ್ಧರಿಸುವಾಗ 14ನೇ ಹಣಕಾಸು ಆಯೋಗ ಮೊದಲ ಬಾರಿಗೆ ಅರಣ್ಯಕ್ಕೆ ಶೇ. 7.5ರ ತೂಕ ಕೊಟ್ಟಿತು. 15ನೇ ಆಯೋಗ ಅದನ್ನು ಶೇ. 10ಕ್ಕೆ ಏರಿಸಿತು. ಒಟ್ಟು ಪಾಲಿನಲ್ಲಿ ಕರ್ನಾಟಕಕ್ಕೆ ಆಗ ನಷ್ಟವೇ ಆಯಿತು, ಶೇ. 4.713ರಿಂದ 3.647ಕ್ಕೆ ಇಳಿಯಿತು. ಆದರೂ ಬಂದ ಹಣದಲ್ಲಿ ಒಂದು ಭಾಗ ಈ ರಾಜ್ಯದಲ್ಲಿ ಕಾಡಿದೆ ಎಂಬ ಕಾರಣಕ್ಕೇ ಬಂದದ್ದು. ಆ ಕಾಡು ಇರುವುದು ಆಗುಂಬೆಯ ಸುತ್ತ, ಶರಾವತಿ ಕಣಿವೆಯಲ್ಲಿ, ಯಲ್ಲಾಪುರ, ಸಿದ್ದಾಪುರ, ಮಡಿಕೇರಿಯಲ್ಲಿ. ಹಣ ಬೆಂಗಳೂರಿನ ಸಾಮಾನ್ಯ ಖಜಾನೆಗೆ ಸೇರುತ್ತದೆ. ಅದರಲ್ಲೊಂದು ಪಾಲು ಕಾಡಿನ ಅಂಚಿನ ಗ್ರಾಮ ಪಂಚಾಯಿತಿಗೆ ಹೋಗಬೇಕು ಎಂಬ ನಿಯಮವಿಲ್ಲ. ಕಾಡು ಉಳಿಸುವ ಹೊಣೆ ಊರಿನದು, ಕಾಡಿನ ಹೆಸರಲ್ಲಿ ಬಂದ ಹಣ ರಾಜಧಾನಿಯದು ಎನ್ನುವ ಈ ವ್ಯವಸ್ಥೆ ಅನ್ಯಾಯದ್ದು. ಅದನ್ನು ಸರಿಪಡಿಸಲು ದೆಹಲಿಯನ್ನು ಕಾಯಬೇಕಿಲ್ಲ. ರಾಜ್ಯದ ಬಜೆಟ್ಟಿನಲ್ಲೇ ಮಾಡಬಹುದು.

ಮಾಡಿ ತೋರಿಸಿದವರು ಪಕ್ಕದಲ್ಲೇ ಇದ್ದಾರೆ. ಕೇರಳ 2020ರಲ್ಲಿ ಭತ್ತದ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಧನ ಕೊಡಲು ಆರಂಭಿಸಿತು. ಮೊತ್ತ ಸಣ್ಣದು, ಆದರೆ ಅದರ ಹಿಂದಿನ ತರ್ಕ ಗಮನಿಸಿ. ಮಳೆಗಾಲದಲ್ಲಿ ಗದ್ದೆ ನೀರು ನಿಲ್ಲಿಸಿಕೊಂಡು ನಿಧಾನಕ್ಕೆ ಇಂಗಿಸುತ್ತದೆ, ಅದರಿಂದ ಕೆಳಗಿನ ಊರಿನ ಬಾವಿಗಳಿಗೆಲ್ಲ ಲಾಭ, ಹಾಗಾಗಿ ಅದು ಸಾರ್ವಜನಿಕ ಸೇವೆ. ನಿಮ್ಮ ತೋಟದ ಕೆಳಗಿನ ಗದ್ದೆ ಮಾಡುತ್ತಿರುವ ಕೆಲಸವೂ ಅದೇ. ಮಲೆನಾಡಿನಲ್ಲಿ ಭತ್ತ ಲಾಭ ತರುವುದಿಲ್ಲವೆಂದು ಗದ್ದೆಗೆ ಮಣ್ಣು ತುಂಬಿ ಅಡಿಕೆ ಹಚ್ಚಿದವರು ಎಷ್ಟು ಜನ! ಅವರನ್ನು ದೂರಿ ಫಲವಿಲ್ಲ. ಗದ್ದೆ ಉಳಿಸಿಕೊಂಡವನಿಗೆ ಕರ್ನಾಟಕ ಅಂಥ ರಾಯಧನ ಕೊಟ್ಟಿದ್ದರೆ ಈ ಬದಲಾವಣೆ ಇಷ್ಟು ವೇಗವಾಗಿ ನಡೆಯುತ್ತಿರಲಿಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ.

ನಮ್ಮ ನೀತಿ ರೈತನನ್ನು ಮರದ ವೈರಿಯಾಗಿ ಮಾಡಿದ ಉದಾಹರಣೆಯೂ, ಆ ತಪ್ಪನ್ನು ತಿದ್ದಿಕೊಂಡ ಉದಾಹರಣೆಯೂ ನಮ್ಮಲ್ಲೇ ಇವೆ. ನಿಮ್ಮ ಜಮೀನಿನಲ್ಲಿ ಬೆಳೆದ ಶ್ರೀಗಂಧ ಬಹುಕಾಲ ಸರ್ಕಾರದ ಆಸ್ತಿಯಾಗಿತ್ತು. ಗಿಡ ತಾನಾಗಿ ಹುಟ್ಟಿದರೂ ಮುಂದೆ ಕಳ್ಳತನ, ವಿಚಾರಣೆ, ಕಚೇರಿ ಅಲೆದಾಟ ಯಾಕೆಂದು ಜನ ಚಿಗುರಿನಲ್ಲೇ ಕಿತ್ತೆಸೆಯುತ್ತಿದ್ದರು. 2001ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ಭೂಮಿಯ ಒಡೆಯನೇ ಮರದ ಒಡೆಯನಾದ. ಅಲ್ಲಿಂದೀಚೆಗೆ ರಾಜ್ಯದಲ್ಲಿ ಗಂಧವನ್ನು ತೋಟವಾಗಿ ಬೆಳೆಸುವವರು ಕಾಣಸಿಗುತ್ತಾರೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯದೂ ಇದೇ ದಾರಿ. ನೆಟ್ಟ ಸಸಿ ಬದುಕಿದ್ದರೆ ಮೂರು ವರ್ಷಗಳಲ್ಲಿ ಕಂತಿನ ಮೇಲೆ ಒಂದೊಂದಕ್ಕೆ ಒಟ್ಟು 125 ರೂಪಾಯಿವರೆಗೆ ಸಿಗುತ್ತದೆ. ನಿಮ್ಮ ಪ್ರಶ್ನೆಗೆ 'ಇದೆ' ಎಂದು ಹೇಳಬಹುದಾದ ಉತ್ತರಗಳಲ್ಲಿ ಇದೊಂದು. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮಳೆಗಾಲಕ್ಕೆ ಮೊದಲೇ ಹೆಸರು ನೋಂದಾಯಿಸಿ. ಆದರೆ ಇದು ಹೊಸದಾಗಿ ನೆಡುವವನಿಗೆ. ಅಜ್ಜನ ಕಾಲದಿಂದ ಹೊನ್ನೆ, ಮತ್ತಿ, ನಂದಿಯನ್ನು ಕಡಿಯದೆ ಉಳಿಸಿದವನಿಗೆ ಒಂದು ರೂಪಾಯಿಯೂ ಇಲ್ಲ. ಉಳಿಸಿದ್ದಕ್ಕಿಂತ ನೆಟ್ಟದ್ದಕ್ಕೆ ಬೆಲೆ ಹೆಚ್ಚು ಎನ್ನುವುದು ನಮ್ಮ ಪರಿಸರ ನೀತಿಯ ದೊಡ್ಡ ಲೋಪ.

ಸೊಪ್ಪಿನಬೆಟ್ಟವನ್ನೇ ನೋಡಿ. ಘಟ್ಟದ ಮೇಲಿನ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ನಿಮ್ಮ ಸೀಮೆಯಲ್ಲೂ ಸೊಪ್ಪಿನಬೆಟ್ಟವಿದೆ, ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಕೊಡಗಿನಲ್ಲಿ ಬಾಣೆ. ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಕೊಡುವುದು, ಬೆಟ್ಟದಲ್ಲಿ ಇಂಗಿದ ನೀರು ಬೇಸಿಗೆಯಲ್ಲಿ ಅಬ್ಬಿಯಾಗಿ ಇಳಿದು ತೋಟ ತಣಿಸುವುದು. ಕಾಡಿಗೂ ಕೃಷಿಗೂ ನಡುವೆ ಇಷ್ಟು ಹತ್ತಿರದ ಕೊಡುಕೊಳ್ಳುವಿಕೆಯನ್ನು ಇಂದಿನ ಯಾವ ಯೋಜನೆಯೂ ಕಟ್ಟಿಲ್ಲ. ಕಾನೂನು ಮಾತ್ರ ಬೆಟ್ಟದಾರನಿಗೆ ಸೊಪ್ಪು ತರುವ ಸೌಲಭ್ಯ ಕೊಟ್ಟಿತು, ಪೂರ್ಣ ಹಕ್ಕು ಕೊಡಲಿಲ್ಲ. ನನ್ನದಲ್ಲದ್ದನ್ನು ನಾನೇಕೆ ಕಾಯಲಿ ಎಂದು ಕೆಲವರು ಬೋಳಿಸಿದರು, ಕೆಲವರು ಅತಿಕ್ರಮಿಸಿದರು. ಅನೇಕರು ಇಂದಿಗೂ ದಟ್ಟವಾಗಿ ಇಟ್ಟುಕೊಂಡಿದ್ದಾರೆ. ಈ ಮೂರನೆಯವರನ್ನು ಹುಡುಕಿ ಎಕರೆಗೆ ಇಷ್ಟು ಎಂದು ವರ್ಷವರ್ಷ ಕೊಟ್ಟರೆ ಮೊದಲ ಇಬ್ಬರೂ ಬದಲಾಗುತ್ತಾರೆ. ಬೆಟ್ಟದ ಗಡಿ ದಾಖಲೆಯಲ್ಲಿದೆ, ಮರಗಳನ್ನು ಉಪಗ್ರಹವೇ ಎಣಿಸುತ್ತದೆ, ಹಣ ಹಾಕಲು ಬ್ಯಾಂಕ್ ಖಾತೆಯಿದೆ. ಆಗದ ಕೆಲಸವೇನಲ್ಲ.

ಮಲೆನಾಡಿನ ಕೃಷಿಕನನ್ನು ಪರಿಸರ ವಿರೋಧಿ ಎಂದು ಯಾರಾದರೂ ಕರೆದರೆ ಅವರಿಗೆ 1983ರ ಸೆಪ್ಟೆಂಬರನ್ನು ನೆನಪಿಸಿ. ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಅರಣ್ಯ ಇಲಾಖೆಯ ಗುತ್ತಿಗೆಯಲ್ಲಿ ಬೀಳಲಿದ್ದ ಮರಗಳನ್ನು ಅಪ್ಪಿ ನಿಂತರು. ಬೇಡ್ತಿ ಅಣೆಕಟ್ಟು ಬೇಡವೆಂದು ಮೊದಲು ಎದ್ದು ನಿಂತವರಲ್ಲಿ ಅಡಿಕೆ ಬೆಳೆಗಾರರೇ ಮುಂದಿದ್ದರು. ಕಾಡು ಹೋದರೆ ತೋಟದ ನೀರು ಹೋಗುತ್ತದೆ ಎಂಬ ಲೆಕ್ಕ ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಅದಕ್ಕೇ ಅಧಿಸೂಚನೆಯನ್ನು ಪೂರ್ತಿ ಹರಿದುಹಾಕಿ ಎನ್ನುವವರ ಜೊತೆ ನಾನು ನಿಲ್ಲಲಾರೆ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಇಳಿದಾಗ ಮಣ್ಣಿನಡಿ ಹೋದದ್ದು ಬೆಳೆಗಾರರ ಮನೆ, ಕಾಫಿ, ಗದ್ದೆಗಳೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿಯಿತು. ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನಲ್ಲಿ ನೂರಾರು ಜನ ಸತ್ತರು. ಆರನೆಯ ಕರಡು ಹೊರಬಿದ್ದದ್ದು ಅದರ ಮರುದಿನ. ಗುಡ್ಡ ಸೀಳುವ ಕ್ವಾರಿಯೂ ಇಳಿಜಾರಿನ ಟೌನ್‌ಶಿಪ್ಪೂ ನಿಲ್ಲಬೇಕು. ನನ್ನ ದೂರು ಇನ್ನೊಂದು ಕಡೆಗಿದೆ: ಜಲವಿದ್ಯುತ್ತಿಗೆ ಕರಡು ಷರತ್ತಿನ ಮೇಲೆ ಬಾಗಿಲು ತೆರೆದಿಟ್ಟಿದೆ. ಒಂದು ಕಡೆ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಸಿದ್ಧತೆ, ಇನ್ನೊಂದು ಕಡೆ ಸಕಲೇಶಪುರದ ಹಳ್ಳಗಳಿಂದ 24 ಟಿಎಂಸಿ ಎತ್ತುವ ಎತ್ತಿನಹೊಳೆ ಯೋಜನೆ. ಎರಡೆಕರೆಯ ತೋಟದವನಲ್ಲಿ ಭಯ ಹುಟ್ಟಿಸಿ, ಅವನ ಭಯವನ್ನೇ ಕಾರಣ ಮಾಡಿ ವರದಿಯನ್ನು ತಿರಸ್ಕರಿಸಿದರೆ ಅದರ ಲಾಭ ಇಂಥ ದೊಡ್ಡ ಕಾಮಗಾರಿಗಳಿಗೆ ಹೋಗುತ್ತದೆ, ನಿಮಗಲ್ಲ.

ನೀವು ಈಗ ಮಾಡಬಹುದಾದದ್ದು ಇಷ್ಟು. ನಿಮ್ಮ ಪಹಣಿ ತೆಗೆದು, ಆ ಸರ್ವೆ ನಂಬರ್ ಯಾವುದಾದರೂ ಸೆಕ್ಷನ್ 4ರ ಪ್ರಕಟಣೆಯಲ್ಲೋ ಡೀಮ್ಡ್ ಅರಣ್ಯದ ಪಟ್ಟಿಯಲ್ಲೋ ಇದೆಯೇ ಎಂದು ತಾಲ್ಲೂಕು ಕಚೇರಿಯಲ್ಲೂ ವಲಯ ಅರಣ್ಯ ಕಚೇರಿಯಲ್ಲೂ ಬರವಣಿಗೆಯಲ್ಲಿ ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಿಮಗೆ ನಿಜವಾದ ತೊಡಕಿದ್ದರೆ ಅದು ಇಲ್ಲೇ ಸಿಗುತ್ತದೆ. ಅರಣ್ಯಭೂಮಿಯಲ್ಲಿ ಸಾಗುವಳಿ ಇದ್ದರೆ ಅರಣ್ಯ ಹಕ್ಕು ಕಾಯ್ದೆ 2006 ಇದೆ. ಆದರೆ ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಪುರಾವೆ ಒದಗಿಸಬೇಕಾದ್ದರಿಂದ ಹಳೆಯ ಕಂದಾಯ ರಸೀದಿ, ದೇವಸ್ಥಾನದ ಕಡತ ಯಾವುದನ್ನೂ ಬಿಸಾಡಬೇಡಿ.

ಮುಂದಿನ ಗ್ರಾಮಸಭೆಯಲ್ಲಿ ವರದಿ ಬೇಡ ಎಂಬ ಒಂದು ಸಾಲಿನ ಠರಾವು ಮತ್ತೆ ಬೇಡ. ಪ್ರತಿ ಕರಡಿಗೂ ಆಕ್ಷೇಪಣೆ ಸಲ್ಲಿಸಲು 60 ದಿನ ಇರುತ್ತದೆ. ಅಷ್ಟರೊಳಗೆ ಬರೆಯಲು ಈಗಲೇ ಸಿದ್ಧ ಮಾಡಿಡಿ: ಗ್ರಾಮದ ನಕ್ಷೆಯ ಮೇಲೆ ತೋಟ, ಗದ್ದೆ, ಮನೆಗಳ ಸರ್ವೆ ನಂಬರುಗಳನ್ನು ಗುರುತಿಸಿ ಇವನ್ನು ಬಿಡಿಸಿ ಎಂದು, ಕಾನು, ದೇವರಬನ, ಹಳ್ಳದ ಮೂಲ ಇವನ್ನು ಗುರುತಿಸಿ ಇವು ಪಟ್ಟಿಯಲ್ಲಿರಲಿ ಎಂದು, ಊರಿನ ಮನೆಗಳಿಗೆ ಬೇಕಾದ ಕಲ್ಲು, ಮರಳಿಗೆ ಪಂಚಾಯಿತಿಯ ಹತೋಟಿಯಲ್ಲಿ ಸಣ್ಣ ವಿನಾಯಿತಿ ಬೇಕೆಂದು, ಬೆಟ್ಟ ಮತ್ತು ಗದ್ದೆ ಉಳಿಸಿದವರಿಗೆ ವಾರ್ಷಿಕ ಸಂದಾಯ ಎಷ್ಟು, ಯಾವ ತಲೆಬರಹದಡಿ, ಯಾವ ದಿನಾಂಕದಿಂದ ಎಂದು ಅಧಿಸೂಚನೆಯ ಜೊತೆಯಲ್ಲೇ ಪ್ರಕಟಿಸಿ ಎಂದು. ನಿಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, 2002ರ ಕಾಯ್ದೆ ಹಾಗೆ ಹೇಳುತ್ತದೆ. ನಕ್ಷೆಯ ಕೆಲಸವನ್ನು ಅದರ ಮೂಲಕ ಮಾಡಿಸಿದರೆ ಕಾಗದಕ್ಕೆ ಕಾನೂನಿನ ಬಲವೂ ಬರುತ್ತದೆ. ಒಂದು ಪ್ರತಿಯನ್ನು ಕೇಂದ್ರ ಸಚಿವಾಲಯಕ್ಕೂ, ಇನ್ನೊಂದನ್ನು ಜಿಲ್ಲಾಧಿಕಾರಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಸ್ವೀಕೃತಿಯನ್ನು ಪಂಚಾಯಿತಿ ಕಡತದಲ್ಲಿ ಇಡಿಸಿ.